ನೌಕರನ ಖಾತೆ: ಮೊದಲು ಶಿಲ್ಕು, ಅನಂತರ ಲೆಕ್ಕವೇ?

ಮಾರ್ಚ್ ತಿಂಗಳು ಬಂತೆಂದರೆ ವ್ಯಾಪಾರಿ ಬಾಂಧವರಿಗೂ ನಮ್ಮಂಥ ಲೆಕ್ಕ ಪರಿಶೋಧಕರಿಗೂ ಬಿಡುವಿಲ್ಲದ ಕಾಲ. ದಾಸ್ತಾನು ಎಣಿಸಬೇಕು, ಬರಬೇಕಾದ ಬಾಕಿ ತಾಳೆ ನೋಡಬೇಕು, ಕಿರ್ದಿ ಮುಗಿಸಿ ಶಿಲ್ಕು ತೆಗೆಯಬೇಕು. ಕೆಲವು ವರ್ಷಗಳಿಂದ ಇವುಗಳ ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಅದು ನೌಕರರಿಗೆ ಅಂಕ ಕೊಡುವ ಕೆಲಸ. ದೊಡ್ಡ ಕಂಪನಿಗಳಲ್ಲಿ ‘ಅಪ್ರೈಸಲ್’ ಎಂದು ಕರೆಯಲಾಗುವ ಈ ಪದ್ಧತಿ ಇಂದು 20–30 ಜನರಿರುವ ಸಣ್ಣ ಕಾರ್ಖಾನೆಗಳಿಗೂ ಸಗಟು ಮಳಿಗೆಗಳಿಗೂ ಕಾಲಿಟ್ಟಿದೆ. ಇದರಿಂದ ನೌಕರರಲ್ಲಿ ಮೂಡುತ್ತಿರುವ ಬೇಸರವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದರಲ್ಲಿ ಒಂದಿಷ್ಟು ಪಾಲು ನನ್ನದೂ ಇದೆ. ಆದಕಾರಣ ಈ ವಿಚಾರವನ್ನು ಸದಸ್ಯ ಮಿತ್ರರ ಮುಂದಿಡಬಯಸುತ್ತೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ. ಅಲ್ಲಿ 24 ಜನ ಕೆಲಸಗಾರರು. ಮಾಲೀಕರು ನನ್ನ ಹಳೆಯ ಕಕ್ಷಿದಾರರು. ಅವರ ಮಗ ಎಂಬಿಎ ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಕಾಲ ದುಡಿದು, ತಂದೆಯ ಉದ್ದಿಮೆಗೆ ಮರಳಿದರು. ಒಳ್ಳೆಯ ಉದ್ದೇಶದಿಂದಲೇ ಅವರು ಮೌಲ್ಯಮಾಪನದ ನಮೂನೆಯೊಂದನ್ನು ಜಾರಿಗೆ ತಂದರು. ಐದಕ್ಕೆ ಅಂಕ, ಅತ್ಯುತ್ತಮರು ಶೇ. 20, ಮಧ್ಯಮರು ಶೇ. 70, ಕೊನೆಯವರು ಶೇ. 10. ಅದರ ಕೋಷ್ಟಕವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿಕೊಟ್ಟವನು ನಾನೇ.

24 ಜನರಲ್ಲಿ ಶೇ. 20 ಎಂದರೆ 4.8; ಶೇ. 70 ಎಂದರೆ 16.8; ಶೇ. 10 ಎಂದರೆ 2.4. ಮನುಷ್ಯರನ್ನು ದಶಾಂಶದಲ್ಲಿ ಹಂಚಲಾಗದು. ಹಾಗಾಗಿ 5, 17, 2 ಎಂದು ಪೂರ್ಣಾಂಕ ಮಾಡಿದೆವು. ಆ ಹದಿನೇಳು ಜನರಲ್ಲಿ ಹದಿನಾಲ್ಕು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದ ಹಿರಿಯ ಟರ್ನರ್ ಒಬ್ಬರಿದ್ದರು. ಅವರಿಗೆ ಬಂದದ್ದು ಐದಕ್ಕೆ ಮೂರು. ವರ್ಷಾಂತ್ಯದ ಲೆಕ್ಕಕ್ಕೆಂದು ಹೋಗಿದ್ದ ನನ್ನನ್ನು ಅವರು ಬಾಗಿಲ ಬಳಿ ತಡೆದು ಕೇಳಿದರು: “ಸರ್, ಐದರಾಗ ಮೂರು ಅಂದ್ರ ಎರಡು ಕಡಿಮಿ ಆತಲ್ರಿ. ಆ ಎರಡು ಯಾವುವು ಅಂತ ಯಾರರ ಹೇಳ್ರಿ, ಸಾಕು.”

ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಅಂಥ ಎರಡು ತಪ್ಪುಗಳೇ ಇರಲಿಲ್ಲ. ಮೇಲಿನ ಐದು ಸ್ಥಾನಗಳು ಆಗಲೇ ಭರ್ತಿಯಾಗಿದ್ದವು, ಅಷ್ಟೆ. ಮರುತಿಂಗಳು ಅವರು ಬೇರೆ ಕಾರ್ಖಾನೆ ಸೇರಿದರು. ಸಂಬಳದಲ್ಲಿ ಕೆಲವು ನೂರು ರೂಪಾಯಿಗಳ ವ್ಯತ್ಯಾಸವಷ್ಟೇ ಇತ್ತು. ಹಣಕ್ಕಾಗಿ ಹೋದವರು ಅವರಲ್ಲ.

ಈ ಪದ್ಧತಿಯ ಮೂಲವನ್ನು ನಾವು ಅರಿಯಬೇಕು. 1981ರಿಂದ 2001ರವರೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ಅವರು 20–70–10ರ ಈ ವಿಂಗಡಣೆಯನ್ನು ಜನಪ್ರಿಯಗೊಳಿಸಿದರು. ಲಕ್ಷಾಂತರ ನೌಕರರಿದ್ದ ಕಂಪನಿ ಅದು. ಅದರ ಯಶಸ್ಸನ್ನು ಕಂಡು ಜಗತ್ತಿನ ಅನೇಕ ಕಂಪನಿಗಳು ಇದೇ ಹಾದಿ ಹಿಡಿದವು. ಆದರೆ ಮೈಕ್ರೋಸಾಫ್ಟ್ ಸಂಸ್ಥೆ 2013ರ ನವೆಂಬರಿನಲ್ಲಿ ಇಂಥ ಕಡ್ಡಾಯ ಶ್ರೇಣೀಕರಣವನ್ನು ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ಜನರಲ್ ಎಲೆಕ್ಟ್ರಿಕ್ ಸಹ ವಾರ್ಷಿಕ ಶ್ರೇಣಿ ನೀಡುವುದರಿಂದ ಹಿಂದೆ ಸರಿಯಿತು. ಹಾಗೆಂದು ಪದ್ಧತಿ ಸತ್ತಿತೆಂದು ಹೇಳಲಾಗದು. 2025ರ ಜನವರಿಯಲ್ಲಿ ಮೆಟಾ ಕಂಪನಿಯು ಕಡಿಮೆ ಸಾಧನೆಯವರೆಂದು ಪರಿಗಣಿಸಿದ ಸುಮಾರು ಶೇ. 5ರಷ್ಟು ನೌಕರರನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿತು. ದೊಡ್ಡವರು ಹಿಡಿಯುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ; ಅದರ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಅವರಿಗಿದೆ. ಹುಲಿಯನ್ನು ಕಂಡು ನರಿ ಬರೆ ಹಾಕಿಕೊಂಡರೆ ಉಳಿಯುವುದು ಉರಿಯೊಂದೇ.

ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಈ ಪದ್ಧತಿಯಲ್ಲಿ ಎರಡು ದೊಡ್ಡ ದೋಷಗಳಿವೆ.

ಮೊದಲನೆಯದು, ಶಿಲ್ಕನ್ನು ಮೊದಲೇ ಗೊತ್ತುಮಾಡಿ ಅನಂತರ ಜಮಾ-ಖರ್ಚು ಬರೆಯುವುದು. ಈ ವರ್ಷ ಇಷ್ಟೇ ಲಾಭ ಬರಬೇಕೆಂದು ತೀರ್ಮಾನಿಸಿ ಅದಕ್ಕೆ ತಕ್ಕಂತೆ ಲೆಕ್ಕ ಬರೆದ ಪುಸ್ತಕಕ್ಕೆ ಯಾವ ಲೆಕ್ಕ ಪರಿಶೋಧಕನೂ ಸಹಿ ಹಾಕಲಾರ. ಇಬ್ಬರು ಕೊನೆಯವರು ಇರಲೇಬೇಕೆಂದು ಮೊದಲೇ ನಿರ್ಧರಿಸುವುದೂ ಅಂಥದೇ ಪುಸ್ತಕ.

ನಮ್ಮ ಘಟಕದಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಒಬ್ಬ ತರುಣನ ವಿಷಯ ಕೇಳಿ. ಅವನ ಯಂತ್ರದಲ್ಲಿ ತಿರಸ್ಕೃತ ಭಾಗಗಳು ಹೆಚ್ಚಾಗಿದ್ದುದು ನಿಜ. ಆಮೇಲೆ ಪರಿಶೀಲಿಸಿದಾಗ, ಅವನ ಪಾಲಿಗೆ ಬರುತ್ತಿದ್ದ ಎರಕದ ತುಂಡುಗಳೊಳಗೇ ಗಾಳಿಯ ರಂಧ್ರಗಳಿದ್ದುದು ಕಂಡುಬಂತು. ತಪ್ಪು ಫೌಂಡ್ರಿಯದು, ಅಂಕ ಕಳೆದುಕೊಂಡವನು ತರುಣ. ಗುಣಮಟ್ಟ ನಿಯಂತ್ರಣದ ಮಹಾನ್ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರು ಇದನ್ನೇ ಮಣಿಗಳ ಆಟದ ಮೂಲಕ ತೋರಿಸಿಕೊಡುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿಗಳು, 800 ಕೆಂಪು ಮಣಿಗಳು. 50 ಗುಳಿಗಳಿರುವ ಹಲಗೆಯಿಂದ ಕೆಲಸಗಾರರು ಮಣಿಗಳನ್ನು ಎತ್ತಬೇಕು; ಕೆಂಪು ಬಂದರೆ ತಪ್ಪು. ಒಬ್ಬನಿಗೆ ಕಡಿಮೆ ಬರುತ್ತದೆ, ಅವನಿಗೆ ಹೊಗಳಿಕೆ. ಇನ್ನೊಬ್ಬನಿಗೆ ಹೆಚ್ಚು ಬರುತ್ತದೆ, ಅವನಿಗೆ ಎಚ್ಚರಿಕೆ. ಆದರೆ ಕೆಂಪು ಮಣಿಗಳನ್ನು ಪೆಟ್ಟಿಗೆಗೆ ಸುರಿದವರು ಆಡಳಿತದವರೇ! ಡೆಮಿಂಗ್ ಅವರು 1986ರಲ್ಲಿ ಪ್ರಕಟವಾದ ತಮ್ಮ ‘ಔಟ್ ಆಫ್ ದಿ ಕ್ರೈಸಿಸ್’ ಗ್ರಂಥದಲ್ಲಿ ವಾರ್ಷಿಕ ಶ್ರೇಣಿ ಪದ್ಧತಿಯನ್ನು ಉದ್ದಿಮೆಯ ಮಾರಕ ರೋಗಗಳ ಸಾಲಿಗೆ ಸೇರಿಸಿದರು.

ಎರಡನೆಯ ದೋಷ, ಖಾತೆದಾರನಿಗೆ ತಿಳಿಯದಂತೆ ಖಾತೆ ಬರೆಯುವುದು. ನಿಮ್ಮ ಪುಸ್ತಕದಲ್ಲಿ ಒಬ್ಬ ಗಿರಾಕಿಯ ಹೆಸರಿಗೆ ಬಾಕಿಯಿದ್ದರೆ ನಾವು ಅಷ್ಟಕ್ಕೇ ಒಪ್ಪುವುದಿಲ್ಲ. ಅವನಿಂದ ಬಾಕಿ ದೃಢೀಕರಣ ಪತ್ರ ತರಿಸಿರೆಂದು ಕೇಳುತ್ತೇವೆ. ನೌಕರನ ಹೆಸರಿಗೆ ಬರೆದ ಲೆಕ್ಕಕ್ಕೆ ಮಾತ್ರ ಅವನ ಒಪ್ಪಿಗೆ ಬೇಡವೇ?

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ದೇವ್ ದತ್ ಎಂಬ ಗಡಿ ರಸ್ತೆ ಸೇವೆಯ ಎಂಜಿನಿಯರರಿಗೆ 1993–94ರ ಸಾಲಿನ ಗೋಪ್ಯ ವರದಿಯಲ್ಲಿ ‘ಉತ್ತಮ’ ಎಂಬ ಷರಾ ಬಿದ್ದಿತ್ತು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಕಿರಿಯರಿಗೆ ಬಡ್ತಿ ದೊರೆಯಿತು, ಅವರಿಗೆ ದೊರೆಯಲಿಲ್ಲ. ಆ ಷರಾ ಏನೆಂಬುದನ್ನು ಅವರಿಗೆ ತಿಳಿಸಿರಲೇ ಇಲ್ಲ. ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಿ, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಆ ವೇಳೆಗೆ ಅವರು ನಿವೃತ್ತರಾಗಿದ್ದರು. ಈ ತೀರ್ಪು ಸರ್ಕಾರಿ ಸೇವೆಗೆ ಸಂಬಂಧಿಸಿದ್ದು. ಖಾಸಗಿ ಉದ್ದಿಮೆಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅದರ ಹಿಂದಿನ ನ್ಯಾಯ ನಮ್ಮ ಮಳಿಗೆ, ಕಾರ್ಖಾನೆಗಳಿಗೂ ಒಪ್ಪುವಂಥದು.

‘ಅಂಕವೇ ಬೇಡವೆಂದರೆ ಸಂಬಳ ಹೆಚ್ಚಿಸುವುದು ಹೇಗೆ? ಮಾಲೀಕನ ಸಂಬಂಧಿಕನಿಗೆ ಒಂದು, ಉಳಿದವರಿಗೆ ಒಂದು ಎಂದಾಗುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕವೇ ಇಲ್ಲದಿದ್ದರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತೆ. ಸೋಮಾರಿಗೂ ಶ್ರಮಜೀವಿಗೂ ಒಂದೇ ಕೂಲಿ ಎಂಬ ವಾದ ನನ್ನದಲ್ಲ. ಲೆಕ್ಕ ಇರಲಿ, ಆದರೆ ಅದು ಇಬ್ಬರೂ ನೋಡಿ ಒಪ್ಪುವ ಲೆಕ್ಕವಾಗಿರಲಿ. ಈ ದಿಸೆಯಲ್ಲಿ ಸದಸ್ಯರ ಪರಿಶೀಲನೆಗೆ ಕೆಲವು ಸಲಹೆಗಳು:

1. ಯಾವ ಶ್ರೇಣಿಗೂ ಇಷ್ಟೇ ಜನ ಎಂದು ಮೊದಲೇ ಗೊತ್ತುಮಾಡಬೇಡಿ. ಎಲ್ಲರೂ ಚೆನ್ನಾಗಿ ದುಡಿದಿದ್ದರೆ ಎಲ್ಲರಿಗೂ ಹಾಗೆಯೇ ಹೇಳಿ.

2. ತಿಂಗಳಿಗೊಮ್ಮೆ ಪ್ರತಿ ನೌಕರನೊಡನೆ ಹತ್ತು ನಿಮಿಷ ಕುಳಿತು ಮಾತನಾಡಿ. ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಜೂನ್ ತಿಂಗಳ ತಪ್ಪನ್ನು ಮಾರ್ಚ್‌ನಲ್ಲಿ ಹೇಳಿದರೆ ತಿದ್ದಿಕೊಳ್ಳಲು ಸಮಯ ಉಳಿಯುವುದಿಲ್ಲ.

3. ನಷ್ಟ ಅಥವಾ ದೋಷ ಬರೆಯುವಾಗ ಕಾರಣಕ್ಕೆ ಪ್ರತ್ಯೇಕ ಕಲಮು ಇರಲಿ: ಮನುಷ್ಯನದೋ, ಯಂತ್ರದ್ದೋ, ಕಚ್ಚಾ ಮಾಲಿನದೋ?

4. ಶಾಸನಬದ್ಧ ಬೋನಸ್ಸನ್ನು ಅಂಕಪಟ್ಟಿಯೊಡನೆ ಬೆರೆಸಬೇಡಿ. 1965ರ ಬೋನಸ್ ಪಾವತಿ ಕಾಯಿದೆಯಲ್ಲಿದ್ದ ಶೇ. 8.33ರ ಕನಿಷ್ಠ ಹಾಗೂ ಶೇ. 20ರ ಗರಿಷ್ಠ ಮಿತಿಗಳನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಐದಕ್ಕೆ ಒಂದು ಅಂಕ ಬಂತೆಂದು ಅರ್ಹ ನೌಕರನ ಕನಿಷ್ಠ ಬೋನಸ್ಸನ್ನು ಕಡಿತ ಮಾಡುವಂತಿಲ್ಲ.

ಆ ಘಟಕದಲ್ಲಿ ಮರುವರ್ಷ ನಾನು ಮಾಡಿಕೊಟ್ಟ ಕೋಷ್ಟಕವನ್ನು ತೆಗೆದುಹಾಕಲಾಯಿತು. ಈಗ ಅಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್ ಇದೆ. ಎಂಬಿಎ ಓದಿದ ಆ ಮಗನೇ ಅದನ್ನು ಶ್ರದ್ಧೆಯಿಂದ ಬರೆಯುತ್ತಿದ್ದಾರೆ. ಹೊಸ ತಲೆಮಾರಿನ ಶಿಸ್ತು ಬೇಕಾದದ್ದು ಅಲ್ಲಿಯೇ. ತಂದೆ-ಮಗ ಇಬ್ಬರೂ ಹಿರಿಯ ಟರ್ನರ್ ಅವರ ಮನೆಗೆ ಹೋಗಿ ಮರಳಿ ಬರುವಂತೆ ಕೇಳಿಕೊಂಡರು. ಅವರು ಚಹಾ ಕೊಟ್ಟು ಉಪಚರಿಸಿದರು, ಆದರೆ ಬರಲಿಲ್ಲ. ಹದಿನಾಲ್ಕು ವರ್ಷಗಳ ಕೈಚಳಕ ಹೀಗೆ ಹೊರಟುಹೋದದ್ದನ್ನು ಬರೆಯಲು ನನ್ನ ಆಯವ್ಯಯ ಪಟ್ಟಿಯಲ್ಲಿ ಯಾವ ಕಲಮೂ ಇಲ್ಲ. ಈ ಮಾರ್ಚ್‌ನಲ್ಲಿ ನಿಮ್ಮ ಜನರಿಗೆ ಅಂಕ ಬರೆಯುವ ಮುನ್ನ, ‘ಕಡಿಮೆಯಾದ ಎರಡು ಯಾವುವು?’ ಎಂದು ಅವರು ಕೇಳಿದರೆ ಹೇಳಲು ನಿಮ್ಮಲ್ಲಿ ಉತ್ತರವಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.