ಫಲಿತಾಂಶ ಏರಿಸಲು ಬೇಕಾದ ಮಕ್ಕಳು

ಎಂಟನೇ ತರಗತಿಗೆ ಬಂದ ಹುಡುಗಿಗೆ ಭಾಗಾಕಾರ ಬರುವುದಿಲ್ಲವೆಂಬುದು ಜೂನ್ ತಿಂಗಳಲ್ಲೇ ಶಾಲೆಗೆ ಗೊತ್ತಿರುತ್ತದೆ. ಆಗ ಅವಳ ಕೈ ಹಿಡಿಯುವವರಿಲ್ಲ. ಎರಡೂವರೆ ವರ್ಷ ಕಳೆದು, ಹತ್ತನೇ ತರಗತಿಯ ಡಿಸೆಂಬರ್ ಬಂದಾಗ ವಿಶೇಷ ತರಗತಿಯ ಭರಾಟೆ ಶುರುವಾಗುತ್ತದೆ. ಮಕ್ಕಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಸಿ ಗುಂಪಿನವರ ಕೈಗೆ ಪಾಸಿಂಗ್ ಪ್ಯಾಕೇಜ್: ಹೂವಿನ ನೀಳಛೇದದ ಚಿತ್ರ, ಭಾರತದ ನಕ್ಷೆ, ಒಂದು ಕಂಠಪಾಠದ ಪದ್ಯ, ಒಂದು ಪತ್ರಲೇಖನ, ಥೇಲ್ಸ್ ಪ್ರಮೇಯ. ಇಷ್ಟು ಉರು ಹೊಡೆದರೆ ದಡ ಸೇರಬಹುದಂತೆ.

ಆ ಪ್ರಮೇಯವನ್ನು ಅವಳು ಬರೆಯುವಾಗ ಪಕ್ಕದಲ್ಲಿ ಕೂತು ನೋಡಿ. ದತ್ತ, ಸಾಧನೀಯ, ರಚನೆ, ಸಾಧನೆ, ಒಂದಕ್ಷರ ತಪ್ಪದೆ ಇಳಿಸುತ್ತಾಳೆ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟುಕೊಡಿ, ಪೆನ್ನು ಅಲ್ಲೇ ನಿಲ್ಲುತ್ತದೆ. ತಪ್ಪು ಅವಳದ್ದಲ್ಲ. ಅವಳಿಗೆ ಯಾರೂ ತ್ರಿಭುಜ ಕಲಿಸಿಲ್ಲ, ಅಂಕ ಗಿಟ್ಟಿಸುವುದನ್ನು ಕಲಿಸಿದ್ದಾರೆ. ಈ ನೆರವು ಸಲ್ಲುವುದು ಜಿಲ್ಲೆಯ ಶೇಕಡಾವಾರು ಪಟ್ಟಿಗೆ.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದರು, ಆದರೂ ಹಿಂದಿನ ವರ್ಷ ಶೇ 83.89 ಇದ್ದದ್ದು ಶೇ 73.40ಕ್ಕೆ ಇಳಿಯಿತು. ಕೊನೆಯ ಸ್ಥಾನದ ಯಾದಗಿರಿಗೆ ಸಿಕ್ಕಿದ್ದು ಶೇ 50.59. ಆಮೇಲೆ ಏನು ಮಾಡಿದರು? 2025ರ ಅಕ್ಟೋಬರ್‌ನಲ್ಲಿ ಪಾಸಾಗಲು ಬೇಕಾದ ಒಟ್ಟು ಅಂಕ 625ಕ್ಕೆ 206 ಎಂದು ಗೆರೆಯನ್ನೇ ಕೆಳಗಿಳಿಸಿದರು. ಗೆರೆ ಇಳಿಸಲು ಒಂದು ಆದೇಶ ಸಾಕು. ಮಗುವನ್ನು ಮೇಲೆತ್ತಲು ಮೇಷ್ಟ್ರು ಬೇಕು.

ಆ ಮೇಷ್ಟ್ರು ಎಲ್ಲಿ? ಎಷ್ಟೋ ಕಡೆ ಗಣಿತಕ್ಕೆ, ಇಂಗ್ಲಿಷಿಗೆ, ವಿಜ್ಞಾನಕ್ಕೆ ಅತಿಥಿ ಶಿಕ್ಷಕರು. ಶಾಲೆ ಶುರುವಾಗಿ ಎಷ್ಟೋ ದಿನಗಳ ಮೇಲೆ ಬಂದು, ಬಾಕಿಬಿದ್ದ ಗೌರವಧನಕ್ಕೆ ಕಾಯುತ್ತಾ ಪಾಠ ಮಾಡುವವರು. ಅವರ ಹೊಟ್ಟೆಯ ಮೇಲೂ ಇದೇ ವ್ಯವಸ್ಥೆ ಹೊಡೆದಿದೆ.

ಯಾದಗಿರಿ, ರಾಯಚೂರಿನ ಕಡೆ ವಿಶೇಷ ತರಗತಿ ಕಾವೇರುವ ಹೊತ್ತಿಗೇ ಹತ್ತಿ ಬಿಡಿಸುವ ಕೆಲಸವೂ ಜೋರಾಗಿರುತ್ತದೆ. ಅವ್ವನ ಜೊತೆ ಮಗಳೂ ಹೊಲದಲ್ಲಿರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳು ‘ಗೈರು’, ಸಭೆಗಳಲ್ಲಿ ಅವಳಪ್ಪ ಅವ್ವ ‘ನಿರಾಸಕ್ತ ಪಾಲಕರು’. ಕೂಲಿಯ ಲೆಕ್ಕ ಯಾರೂ ಕೇಳುವುದಿಲ್ಲ. ಶಾಲೆಗೆ ಬಂದವಳ ಪಾಡೂ ಅಷ್ಟೇ. ಮಧ್ಯಾಹ್ನ ಉಂಡ ಬಿಸಿಯೂಟದ ಮೇಲೆ ಸಂಜೆ ಆರರವರೆಗೆ ಕೂರಬೇಕು. ಊರಿನ ಕೊನೆಯ ಬಸ್ಸು ಐದೂವರೆಗೆ ಹೊರಟರೆ ಅವಳು ಪಾಠ ಬಿಟ್ಟು ಓಡಬೇಕು, ಇಲ್ಲವೇ ಕತ್ತಲಲ್ಲಿ ನಡೆಯಬೇಕು. ಸುತ್ತೋಲೆ ಬರೆಯುವ ಕೈಗೆ ಬಸ್ಸಿನ ವೇಳಾಪಟ್ಟಿ ನೋಡುವ ವ್ಯವಧಾನ ಇಲ್ಲವೇ?

ಪೇಟೆಯ ಮಗುವಿಗೆ ಒಂಬತ್ತನೇ ತರಗತಿಯಿಂದಲೇ ಟ್ಯೂಷನ್. ಎಂಟರಲ್ಲಿ ತಪ್ಪಿದ ಪಾಠವನ್ನು ಅಪ್ಪನ ದುಡ್ಡು ತುಂಬಿಕೊಡುತ್ತದೆ. ಕೂಲಿಯವಳ ಮಗಳಿಗೆ ಅದನ್ನು ತುಂಬಿಕೊಡಬೇಕಾದದ್ದು ಸರ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಒಪ್ಪಿದೆ: ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಅಗತ್ಯವಿದ್ದರೆ ಹೆಚ್ಚುವರಿ ಪಾಠ ಮಾಡುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ ಅದರ 24ನೇ ಸೆಕ್ಷನ್. ಆದರೆ ಆ ಹಕ್ಕು ಹದಿನಾಲ್ಕು ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ದಲಿತರ ಕೇರಿಯ, ತಾಂಡಾದ, ಹಟ್ಟಿಯ ಹುಡುಗಿಗೆ ಆಸರೆ ಹೆಚ್ಚು ಬೇಕಾದ ವಯಸ್ಸಿನಲ್ಲೇ ಕಾನೂನು ಕೈಬಿಡುತ್ತದೆ. ಮದುವೆಯ ಮಾತು ಆ ವಯಸ್ಸಿಗೇ ಮನೆಯೊಳಗೆ ಬರುತ್ತದೆ. ಫೇಲಾದ ಅಂಕಪಟ್ಟಿ ಅದಕ್ಕೆ ಕಾರಣವಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇವೆ. ಎಂಟನೇ ತರಗತಿಯ ಜೂನ್‌ನಿಂದಲೇ ಹಿಂದುಳಿದ ಮಗುವಿಗೆ ಪ್ರತ್ಯೇಕ ಪಾಠ ಆಗಬೇಕು. ಅದಕ್ಕೆ ಕಾಯಂ ಶಿಕ್ಷಕರು ಬೇಕು. ಸಂಜೆ ಕೂರಿಸಿದರೆ ಊಟ ಕೊಡಿ, ಬಸ್ಸು ಬಿಡಿ. ಶಿಕ್ಷಣದ ಹಕ್ಕನ್ನು ಹದಿನೆಂಟರವರೆಗೆ ವಿಸ್ತರಿಸಿ.

ಓದುವವರೇ, ನಿಮ್ಮೂರ ಸರ್ಕಾರಿ ಹೈಸ್ಕೂಲಿಗೆ ಈ ವಾರ ಹೋಗಿ, ಗಣಿತಕ್ಕೆ ಕಾಯಂ ಮೇಷ್ಟ್ರು ಇದ್ದಾರೆಯೇ ಕೇಳಿ. ಇಲ್ಲವೆಂದರೆ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಬರೆಸಿ, ಪಾಲಕರನ್ನು ಕರೆದುಕೊಂಡು ಬಿಇಒ ಕಚೇರಿಯ ಮುಂದೆ ಕೂರಿ.