ಕೇಳಿ ಹಿಡಿದ ಮೀನು

ಉಡುಪಿ ಹೋಟೆಲಿನವರಿಗೆ ಮೀನಿನ ಮಾತೇಕೆಂದು ಕೆಲವು ವಾಚಕರು ನಗಬಹುದು. ನಮ್ಮ ಅಡುಗೆಮನೆಗೆ ಮೀನಿನ ಪ್ರವೇಶವಿಲ್ಲ, ನಿಜ. ಆದರೆ ಅಲ್ಲಿ ದುಡಿಯುವ ಹುಡುಗರಲ್ಲಿ ಬಹುಮಂದಿ ಹೊಳೆಯ ದಂಡೆಯಲ್ಲಿ ಬೆಳೆದವರು. ಮೊದಲ ಮಳೆಗೆ ಹೊಳೆ ಹತ್ತುವ ಮೀನನ್ನು ಗದ್ದೆಯಂಚಿನಲ್ಲಿ ಹಿಡಿದವರು. ವಾರದ ರಜೆ ಬಂದಿತೆಂದರೆ ನಾಸಿಕದವರು ಗಂಗಾಪುರ ಅಣೆಕಟ್ಟಿನ ಕಡೆಗೂ, ಛತ್ರಪತಿ ಸಂಭಾಜಿನಗರದವರು ಪೈಠಣದ ನಾಥಸಾಗರದ ಕಡೆಗೂ ಗಾಳ ಹಿಡಿದು ಹೊರಡುವುದುಂಟು. ಪರವಾನಿಗೆಯೊಂದು ಬೇಕೆಂಬ ಯೋಚನೆ ಮಾತ್ರ ಯಾರಿಗೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಇಂತಹ ಇಬ್ಬರು ಹುಡುಗರನ್ನು ಒಂದು ಜಲಾಶಯದ ಬಳಿ ತಡೆದು, ಗಾಳವನ್ನೂ ಮೊಬೈಲನ್ನೂ ಕಸಿದುಕೊಂಡರು. ಪರರಾಜ್ಯದವರೆಂದು ತಮಗೆ ಹೀಗೆ ಮಾಡಿದರೆಂದು ಅವರು ನಮ್ಮಲ್ಲಿ ಅಳಲು ತೋಡಿಕೊಂಡರು. ನಾವೂ ಕೊಂಚ ಸಿಟ್ಟಿನಿಂದಲೇ ಹೊರಟೆವು. ಅಲ್ಲಿನ ಮೀನುಗಾರರ ಸಂಘದ ಹಿರಿಯರೊಬ್ಬರು ವಸ್ತುಗಳನ್ನು ಮರಳಿಸಿ, “ಶೇಟ್, ನಮ್ಮ ಹೊಲ ಈ ನೀರಿನ ಅಡಿಯಲ್ಲಿದೆ. ಮರಿ ತಂದು ಬಿಟ್ಟವರೂ ನಾವೇ. ಕೇಳಿದ್ದರೆ ಬೇಡವೆನ್ನುತ್ತಿದ್ದೆವೆ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆಯು ರಾಜ್ಯಪಟ್ಟಿಯ 21ನೆಯ ವಿಷಯ. ಆದುದರಿಂದ ಊರಿನ ಪರವಾನಿಗೆ ಇಲ್ಲಿ ನಡೆಯದು, ಇಲ್ಲಿಯದು ಊರಿನಲ್ಲಿ ನಡೆಯದು. ಮಹಾರಾಷ್ಟ್ರಕ್ಕೆ 1960ರ ತನ್ನದೇ ಮೀನುಗಾರಿಕೆ ಕಾಯಿದೆಯುಂಟು. ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಇಲಾಖೆಯು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುತ್ತದೆ. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು ಬೆಳೆಸಿದವರಿಗೆ ಆ ಮೀನು ಹೊಲದ ಜೋಳವಿದ್ದಂತೆ. ಇನ್ನು ನಾಥಸಾಗರವೂ, ನಿಫಾಡ ತಾಲೂಕಿನ ನಾಂದೂರ ಮಧ್ಯಮೇಶ್ವರವೂ 1986ರಲ್ಲಿ ಪಕ್ಷಿಧಾಮಗಳಾದುವು. ಅಲ್ಲಿ 1972ರ ವನ್ಯಜೀವಿ ಕಾಯಿದೆಯ ಕಟ್ಟಳೆಗಳೂ ಅನ್ವಯಿಸುತ್ತವೆ. ಗೋದಾವರಿ ಒಂದೇ ಆದರೂ ದಂಡೆಯ ನಿಯಮ ಒಂದೇ ಅಲ್ಲ.

ಇಂತಹ ಕಟ್ಟು ನಮಗೆ ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಾಗಲಿ ಶಿಶಿಲದ ಕಪಿಲೆಯಲ್ಲಾಗಲಿ ದೇವರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಬರೆದ ಕಾಯಿದೆಗಿಂತ ಮೊದಲೇ ಆ ಮರ್ಯಾದೆಯನ್ನು ಕಲಿತು ಬಂದವರು ನಾವು. ನಮ್ಮ ಹೋಟೆಲುಗಳ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಲೈಸೆನ್ಸುಗಳು ತೂಗಾಡುತ್ತವೆ. ಲೈಸೆನ್ಸಿಲ್ಲದ ಗಾಡಿಯೊಂದು ನಮ್ಮ ಬಾಗಿಲೆದುರು ಇಡ್ಲಿ ಮಾರಲು ನಿಂತರೆ ನಾವೇ ದೂರು ಕೊಡುತ್ತೇವಲ್ಲವೆ?

ಇಷ್ಟು ಹೇಳಿದ ಮೇಲೆ ಆಡಳಿತದವರಿಗೂ ಒಂದು ಮಾತು. ಕೇಳಿ ಹಿಡಿಯಿರಿ ಎಂದರೆ ಯಾರನ್ನು ಕೇಳಬೇಕೆಂಬುದು ತಿಳಿಯಬೇಕು. ಗಾಳ ಹಾಕಲು ಅವಕಾಶವಿರುವೆಡೆ ಗುತ್ತಿಗೆದಾರ ಸಂಘದ ಹೆಸರು, ಒಂದು ದಿನದ ಶುಲ್ಕ, ನಿಷಿದ್ಧ ಕಾಲ ಇವುಗಳನ್ನು ಮರಾಠಿ ಮತ್ತು ಹಿಂದಿಯಲ್ಲಿ ಫಲಕದ ಮೇಲೆ ಬರೆಯಿಸಲಿ. ಪರಸ್ಥಳದವನಿಂದ ಶುಲ್ಕ ಹೆಚ್ಚು ಕೇಳಿದರೂ ನಾವು ಗೊಣಗುವುದಿಲ್ಲ, ರಸೀದಿ ಕೊಡಲಿ. ರಸೀದಿಯಿಲ್ಲದೆ ಪಡೆದ ಹಣವು ಸಂಘದ ಬಡ ಸದಸ್ಯನಿಗೂ ಸೇರದು, ಸರಕಾರಕ್ಕೂ ಸೇರದು. ಭಾರತದೊಳಗೆ ಎಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಅಷ್ಟರಿಂದಲೇ ಇನ್ನೊಬ್ಬನು ಸಾಕಿದ ಮೀನು ನಮ್ಮದಾಗದು. ಹಾಗೆಯೇ ನಮ್ಮ ಊರು ಯಾವುದೆಂಬುದೇ ನಮ್ಮ ಅಪರಾಧವೂ ಆಗಬಾರದು.

ನಮ್ಮ ಹುಡುಗರಿಗೆ ನಾವು ಹೇಳುವುದಿಷ್ಟೆ. ಮೊದಲು ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಬಳಿಕ ಸಂಘದವರ ಒಪ್ಪಿಗೆ ಪಡೆಯಿರಿ. ಪಕ್ಷಿಧಾಮವಾದರೆ ಗಾಳವನ್ನು ಕೋಣೆಯಲ್ಲೇ ಬಿಟ್ಟು ಹಕ್ಕಿ ನೋಡಿ ಬನ್ನಿ. ಸಿಕ್ಕಿಬಿದ್ದ ಮೇಲೆ ಗಿರಾಕಿ ಸಾಹೇಬರ ಹೆಸರು ಹೇಳಿ ಬಿಡಿಸಿಕೊಳ್ಳುವ ಚಾಳಿ ಬೇಡ. ಅಂದು ಆ ಹಿರಿಯರು ನಮಗೆ ಚಹ ಕುಡಿಸಿ ಕಳುಹಿಸಿದರು. ಅಪ್ಪಣೆ ಕೇಳಿ ಬಂದವನು ಆ ದಂಡೆಯಲ್ಲಿ ನೆರೆಯವನಾಗುತ್ತಾನೆ. ಕೇಳದೆ ಬಂದವನು ಇಪ್ಪತ್ತು ವರ್ಷ ಇಲ್ಲಿ ದುಡಿದರೂ ಹೊರಗಿನವನಾಗಿಯೇ ಉಳಿಯುತ್ತಾನೆ.