ಎಂಟರ್ ಒತ್ತುವ ಬೆರಳು



ನಾನು ನಿವೃತ್ತನಾದ ಮೇಲೆ ಮೂಡುಬಿದಿರೆಯ ಹಳೆಯ ವಿದ್ಯಾರ್ಥಿಯೊಬ್ಬ ಬಂಟ್ವಾಳದ ನಮ್ಮ ಮನೆಗೆ ಬಂದು, ನನ್ನ ಗಣಕಕ್ಕೆ ಲಿನಕ್ಸ್ ಅಳವಡಿಸಿ, ಬ್ಯಾಶ್ ಎಂಬ ಶೆಲ್ಲಿನ ಪರಿಚಯ ಮಾಡಿಸಿದ. ಮೌಸ್ ಮುಟ್ಟದೆ, ಆಜ್ಞೆಗಳನ್ನು ಬರೆದೇ ಕೆಲಸ ಮಾಡಿಸುವ ಕ್ರಮವದು. ಆಜ್ಞೆ ಕೊಟ್ಟೇ ಅಭ್ಯಾಸವಾದ ಮಾಸ್ತರನಿಗೆ ಇದು ಹಿಡಿಸದಿರುತ್ತದೆಯೇ? ಆದರೆ ಕೀಲಿಮಣೆ ಕನ್ನಡದಲ್ಲಿರುವುದನ್ನು ಮರೆತು 'ಎಲ್', 'ಎಸ್' ಒತ್ತಿದರೆ 'ಲಸ' ಎಂದು ಮೂಡುತ್ತದೆ. ಅಂಥ ಆಜ್ಞೆಯೇ ಇಲ್ಲವೆಂದು ಯಂತ್ರ ಗದರಿಸುತ್ತದೆ!

ಆ ಕನ್ನಡ ವಿನ್ಯಾಸ ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರದು. ಅದರಲ್ಲಿ ನನಗೆ ಮೆಚ್ಚುಗೆಯಾದುದು ಒತ್ತಕ್ಷರದ ವ್ಯವಸ್ಥೆ. ಎರಡು ವ್ಯಂಜನಗಳನ್ನು ಒಂದರ ಬಳಿಕ ಒಂದು ಒತ್ತಿದರೆ ಅವು ತಾವಾಗಿ ಬೆಸೆದುಕೊಳ್ಳುವುದಿಲ್ಲ. ನಡುವೆ 'ಎಫ್' ಒತ್ತಿದರೆ ಮಾತ್ರ ಕೂಡುತ್ತವೆ. ತೀರ್ಮಾನ ಬರೆಯುವವನದೇ.

ಶೆಲ್ಲಿನ ಕೀಲಿಗಳನ್ನೂ ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. 'ಇನ್‌ಪುಟ್‌ಆರ್‌ಸಿ' ಎಂಬ ಪುಟ್ಟ ಕಡತದಲ್ಲಿ ಎಡಕ್ಕೆ ಕೀಲಿ, ಬಲಕ್ಕೆ ಅದು ಮಾಡಬೇಕಾದ ಕೆಲಸ, ಅಷ್ಟೇ. ನಾನೂ ಉತ್ಸಾಹದಿಂದ ಹೊಂದಿಸಿದೆ. ಅಭ್ಯಾಸಕ್ಕೆಂದು ಸೃಷ್ಟಿಸಿದ ಪಠ್ಯ ಕಡತಗಳನ್ನೆಲ್ಲ ಒಮ್ಮೆಗೇ ಅಳಿಸಲು 'ಎಫ್ 6' ಕೀಲಿಗೆ ಆಜ್ಞೆಯೊಂದನ್ನು ಕಟ್ಟಿ, ಕೊನೆಯಲ್ಲಿ ಎಂಟರ್‌ನ ಸಂಕೇತವನ್ನೂ ಸೇರಿಸಿದೆ. ಒಂದು ಬೆರಳಿನ ಶ್ರಮ ಉಳಿಯಿತೆಂಬ ಹೆಮ್ಮೆ! ಒಂದು ಸಂಜೆ ಬೇರೊಂದು ಕಡತಕೋಶದಲ್ಲಿರುವಾಗ ಅದೇ ಕೀಲಿಯನ್ನು ಒತ್ತಿದೆ. ಬೆಳ್ತಂಗಡಿಯ ಶಾಲಾದಿನಗಳ ಕುರಿತು ಬರೆದಿಟ್ಟ ಏಳು ಬರಹಗಳು ಕ್ಷಣಾರ್ಧದಲ್ಲಿ ಇಲ್ಲವಾದವು. ಶೆಲ್ಲಿನಲ್ಲಿ ಹೀಗೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಬೇರೆ ಪ್ರತಿಯನ್ನು ನಾನು ಇಟ್ಟಿರಲಿಲ್ಲ.

ಎಂಟರ್ ಸಹಿತವಾಗಿ ಎಲ್ಲವನ್ನೂ ಒಂದೇ ಕೀಲಿಗೆ ವಹಿಸುವುದೇ ಜಾಣತನವೆಂದು ನಿಮ್ಮಲ್ಲಿ ಕೆಲವರು ವಾದಿಸುವುದುಂಟು. ಕಡತಗಳ ಪಟ್ಟಿ ನೋಡುವಂಥ ನಿರಪಾಯದ ಕೆಲಸಕ್ಕೆ ನನ್ನ ಅಡ್ಡಿಯಿಲ್ಲ. ಅಳಿಸುವ, ಸ್ಥಳಾಂತರಿಸುವ ಆಜ್ಞೆಗಳಿಗೆ ಮಾತ್ರ ಒಪ್ಪಲಾರೆ. ಶಾಲೆಯಲ್ಲಿ ವರ್ಗಾವಣೆ ಪತ್ರವನ್ನು ಗುಮಾಸ್ತರು ಪೂರ್ತಿ ಬರೆದು ತರುತ್ತಿದ್ದರು. ಸಹಿ ಮಾತ್ರ ಮುಖ್ಯೋಪಾಧ್ಯಾಯರದು. ಸಹಿಯಾದ ಖಾಲಿ ಹಾಳೆಗಳನ್ನು ಯಾರೂ ಗುಮಾಸ್ತರ ಮೇಜಿನಲ್ಲಿ ಇಟ್ಟುಬಿಡುತ್ತಿರಲಿಲ್ಲ.

ಈಗ ನನ್ನ 'ಎಫ್ 6' ಆಜ್ಞೆಯನ್ನು ಬರೆದು ಸುಮ್ಮನೆ ನಿಲ್ಲುತ್ತದೆ. ಎಲ್ಲಿದ್ದೇನೆಂದು ನೋಡಿ, ಎಂಟರ್ ನಾನೇ ಒತ್ತುತ್ತೇನೆ.

ಏಳರಲ್ಲಿ ಎರಡು ಬರಹಗಳನ್ನು ನೆನಪಿನಿಂದ ಮತ್ತೆ ಬರೆದಿದ್ದೇನೆ. ಜಮಾಲಾಬಾದ್ ಕೋಟೆಗೆ ನಾವು ಹೋದ ಪ್ರವಾಸದ ವಿವರಗಳು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿರಿ.